ಅತ್ತೆ ಬಾಯಿ ಬಿಡುವ ಹಾಗಿಲ್ಲ

ಕ್ಲಿಪ್ಪು ಜಾರುತ್ತಿದೆ, ಅವಳ ಕೂದಲಿನ ಆ ಕಂದು ಕ್ಲಿಪ್ಪು, ಇನ್ನೊಂದು ಸಲ ತಲೆ ಅಲ್ಲಾಡಿಸಿದರೆ ಬಿದ್ದೇ ಬೀಳುತ್ತದೆ, ಹೇಳಲೇ, ಬೇಡ, ಕ್ಲಿಪ್ಪಿನ ವಿಷಯವಾದರೂ ಮಾತು ಮಾತೇ, ಬೆಳಿಗ್ಗೆ ದೊಡ್ಡ ಸಾಹೇಬರು ಎಲ್ಲರೆದುರಿಗೇ ಹೇಳಿದ್ದಾರೆ, ಮೇಡಂ, ನೀವು ಹಿಂದೆ ಕೂತಿರಬಹುದು, ಆದ್ರೆ ಒಂದು ಮಾತೂ ಆಡೋ ಹಾಗಿಲ್ಲ, ನಿಮ್ಮ ಬಾಯಿಂದ ಒಂದಕ್ಷರ ಬಂದ್ರೂ ಕೆಲಸ ನಿಮ್ಮ ಸೊಸೆ ಮಾಡಿದ್ದಲ್ಲ, ನೀವು ಮಾಡಿಸಿದ್ದು ಅಂತ ತಗೋತೀನಿ — ತಗೊಳ್ಳಿ ಸ್ವಾಮಿ, ನಾನೇನು ನಾಲಿಗೆ ಹಿಡಿತದಲ್ಲಿಲ್ಲದವಳೇ, ಬಾಯಿಗೆ ಬೀಗ ಹಾಕಿಕೊಂಡೇ ಕೂತಿದ್ದೇನೆ, ಗೋಡೆಗೆ ತಾಗಿಸಿದ ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಎರಡೂ ಕೈ ತೊಡೆಯ ಮೇಲೆ, ಶಾಲೆಯಲ್ಲಿ ಫೋಟೋ ತೆಗೆಸಿಕೊಳ್ಳುವ ಹುಡುಗಿಯ ಹಾಗೆ, ನಗು ಬರುತ್ತದೆ, ಈ ಕೋಣೆಯಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂತದ್ದು ಇದೇ ಮೊದಲು. ಈ ಕೋಣೆ ನನ್ನದು — ನೀರು ಸರಬರಾಜು ಕಚೇರಿಯದ್ದು ಎಂದು ಬಾಗಿಲ ಮೇಲೆ ಬರೆದಿದೆ, ಬರೆದುಕೊಳ್ಳಲಿ, ಇಲ್ಲಿಯ ಮುಕ್ಕಾಲು ಪಾಲು ತಂತಿಗಳಿಗೆ ಅಂಟಿಸಿದ ಚೀಟಿಯಲ್ಲಿ ಇರುವುದು ನನ್ನ ಕೈಬರಹ, ಈ ತಣ್ಣನೆಯ ಗಾಳಿ, ಈ ಗುಂಯ್‌ಗುಡುವ ಸದ್ದು, ಹೊರಗಿನವರು ಬಂದರೆ ತಲೆನೋವು ಅನ್ನುತ್ತಾರೆ, ನನಗೆ ಮನೆಯಲ್ಲಿ ಇದಿಲ್ಲದೆ ನಿದ್ದೆ ಹತ್ತುವುದಿಲ್ಲ. ಒಂದರ ಮೇಲೊಂದು ಪೇರಿಸಿದ ಯಂತ್ರಗಳ ನಡುವೆ ಆ ಬೂದು ಪೆಟ್ಟಿಗೆ, ಫೈರ್‌ವಾಲ್, ಅದರ ಆಚೆಗೆ ಕಚೇರಿಯ ಕಂಪ್ಯೂಟರುಗಳು ಮತ್ತು ಹೊರಗಿನ ಇಡೀ ಲೋಕ, ಈಚೆಗೆ ಊರಿಗೆಲ್ಲ ನೀರು ತಳ್ಳುವ ಪಂಪುಗಳು, ಯಾರು ಒಳಗೆ ಬರಬಹುದು ಯಾರು ಬರಬಾರದು ಎಂದು ತೀರ್ಮಾನ ಮಾಡುವುದು ಅದು, ಅಂದರೆ ನಾನೇ, ಅದಕ್ಕೆ ಕಲಿಸಿದವಳು ನಾನಲ್ಲವೇ. ನಿನ್ನ ಹಿರೀ ಮಗ ಹೇಗಿದಾನೆ, ನಮ್ಮ ಮನೆಯವರು ಊಟಕ್ಕೆ ಕೂತಾಗ ಕೇಳುವುದೇ ಹಾಗೆ, ಹೊಟ್ಟೆಯಲ್ಲಿ ಹುಟ್ಟಿದವನು ಚಿಕ್ಕವನಿದ್ದಾಗ ಮುಖ ಊದಿಸಿಕೊಳ್ಳುತ್ತಿದ್ದ, ಅಮ್ಮಂಗೆ ಆ ಡಬ್ಬಾ ಅಂದ್ರೇನೇ ಇಷ್ಟ, ಈಗ ಅವನೂ ನಗುತ್ತಾನೆ, ಈಗ ಅವನ ಹೆಂಡತಿ ಅದೇ ಡಬ್ಬದ ಮುಂದೆ ಕೂತಿದ್ದಾಳೆ. ಈ ತಿಂಗಳು ಮುಗಿದರೆ ನಾನು ಮನೆಗೆ. ಆಮೇಲೆ ಈ ಕೋಣೆ ಅವಳದ್ದೋ ಅಥವಾ ಅಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿರುವ ನೀಲಿ ಟೈನವನ ಕಂಪನಿಯದ್ದೋ ಎಂಬುದು ಈ ದಿನವೇ ಇತ್ಯರ್ಥ, ಸಂಜೆಗೆ ಹೊಸ ಪಂಪ್‌ಹೌಸಿನ ಸಂಪರ್ಕ ಕೊಡಬೇಕು, ಅದಕ್ಕೆ ಮೊದಲು ಫೈರ್‌ವಾಲಿಗೆ ಒಂದು ಆ್ಯಡ್‌-ಆನ್ ಸೇರಿಸಬೇಕು, ಪಂಪಿಗೆ ಹೋಗುವ ಪ್ರತಿ ಆಜ್ಞೆಯನ್ನೂ ಬಿಚ್ಚಿ ನೋಡಿ ಒಳಗೆ ಬಿಡುವ ತಂತ್ರಾಂಶ, ಅದನ್ನು ಅವಳು ಒಬ್ಬಳೇ ಸೇರಿಸಿದರೆ ಕೋಣೆ ಅವಳದ್ದು, ಇಲ್ಲದಿದ್ದರೆ ಅವಳನ್ನು ಬಿಲ್ ಕೌಂಟರಿಗೆ ಕಳಿಸುತ್ತಾರೆ.

ಅಗೋ ಬಂತು, ನಾನು ಅಂದುಕೊಂಡ ಹಾಗೇ ಬಂತು, ಅರ್ಧ ಪರದೆ ಚೆನ್ನಾಗಿ ಓಡಿತು, ಆಮೇಲೆ ನಿಂತಿತು, ಹಂಚಿಕೆಯ ಲೈಬ್ರರಿ ತೆರೆಯಲಾಗುತ್ತಿಲ್ಲ, ಅಂಥ ಫೈಲು ಇಲ್ಲ. ದೊಡ್ಡ ಸಾಹೇಬರು ಕನ್ನಡಕ ಏರಿಸಿಕೊಂಡು ಬಗ್ಗಿದರು, ಏನಮ್ಮಾ ಇದು ಲೈಬ್ರರಿ, ಪುಸ್ತಕ ಗಿಸ್ತಕನಾ, ಅವಳು ತಿರುಗದೆಯೇ ಹೇಳಿದಳು, ಅಲ್ಲ ಸರ್, ಒಂದು ದೊಡ್ಡ ಕಟ್ಟಡದಲ್ಲಿ ಮನೆಗೊಂದು ಏಣಿ ಯಾರೂ ಕೊಳ್ಳಲ್ಲ ಅಲ್ವಾ, ಮೆಟ್ಟಿಲ ಕೆಳಗೆ ಒಂದು ಏಣಿ ಇರತ್ತೆ, ಯಾರಿಗೆ ಬೇಕೋ ಅವರು ತಗೊಂಡು ಹೋಗ್ತಾರೆ, ಹಾಗೆ ಎಷ್ಟೋ ಪ್ರೋಗ್ರಾಮಿಗೆ ಬೇಕಾಗೋ ಸಾಮಾನು ಒಂದೇ ಕಡೆ ಇಟ್ಟಿರ್ತಾರೆ, ಇದು ಬಂದು ಏಣಿ ಕೇಳ್ತಿದೆ, ಏಣಿ ಕಾಣ್ತಿಲ್ಲ ಅಂತಿದೆ. ಚೆನ್ನಾಗಿ ಹೇಳಿದಳು, ಆ ಏಣಿ ನನ್ನದು, ನಮ್ಮ ಬಿಲ್ಡಿಂಗಿನ ಏಣಿ, ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಹೇಳಿದ್ದು, ಆದರೂ ಸಾಹೇಬರಿಗೆ ಅರ್ಥವಾಗುವ ಹಾಗೆ ಹೇಳುವುದು ನನಗೆ ಯಾವತ್ತೂ ಬರಲಿಲ್ಲ, ನಾನು ಹೇಳಿದರೆ ಅವರು ಕೈ ಮುಗಿದು ಎದ್ದುಹೋಗುತ್ತಿದ್ದರು, ನೀವು ಏನು ಮಾಡ್ತೀರೋ ಮಾಡಿ ಮೇಡಂ. ಹುಡುಕುತ್ತಿದ್ದಾಳೆ, ಹುಡುಕು, ಸಿಗುತ್ತದೆ, ಸಿಕ್ಕಿತು, ಫೈಲು ಅಲ್ಲೇ ಇದೆ, ಅದೇ ಹೆಸರು, ಅದೇ ಜಾಗ, ಪರದೆಯ ಮೇಲೆ ಢಾಳಾಗಿ ಕೂತಿದೆ, ಇದ್ದರೂ ಇಲ್ಲ ಅನ್ನುತ್ತಿದೆ ಯಂತ್ರ. ನೀಲಿ ಟೈ ತುಟಿಯಂಚಿನಲ್ಲಿ ನಕ್ಕ, ಫೈಲು ಇದೆಯಲ್ಲ ಮೇಡಂ, ನಿಮ್ಮ ಸಿಸ್ಟಮ್ಮೇ ಹಳೇದು ಅನ್ಸತ್ತೆ — ನನ್ನ ಸಿಸ್ಟಮ್ಮು ಹಳೆಯದೇ, ನಿನ್ನ ಮೀಸೆಗಿಂತ ಹಳೆಯದು, ನಾಲಿಗೆಯ ತುದಿಗೆ ಬಂದ ಮಾತನ್ನು ಹಾಗೇ ನುಂಗಿದೆ. ನನಗೆ ಗೊತ್ತು ಯಾಕೆಂದು, ನೋಡಿದ ಕ್ಷಣದಲ್ಲೇ ಗೊತ್ತಾಯಿತು, ಆ ಆ್ಯಡ್‌-ಆನ್ ಮೂವತ್ತೆರಡು ಬಿಟ್ಟಿನ ಕಾಲದ್ದು, ನಮ್ಮ ಯಂತ್ರದಲ್ಲಿರುವ ಲೈಬ್ರರಿಗಳು ಅರವತ್ತನಾಲ್ಕು ಬಿಟ್ಟಿನವು, ಹೆಸರು ಒಂದೇ, ಒಳಗಿನ ಅಳತೆ ಬೇರೆ, ಅದಕ್ಕೆ ಅದು ಕಣ್ಣೆತ್ತಿ ನೋಡಿ ನನ್ನದಲ್ಲ ಎಂದು ಮುಂದೆ ಹೋಗುತ್ತದೆ, ನನ್ನದಲ್ಲ ಅನ್ನುವುದನ್ನೇ ಇಲ್ಲ ಅನ್ನುತ್ತದೆ, ಯಂತ್ರಗಳಿಗೂ ಸೊಕ್ಕು ಇರುತ್ತದೆ. ಅಳತೆ ನೋಡೇ, ಅಳತೆ ನೋಡು ಹುಡುಗಿ, ಫೈಲು ಎಂಥದ್ದು ಎಂದು ಕೇಳು, ಹೆಸರು ನೋಡಿ ಮೋಸ ಹೋಗಬೇಡ, ನಾನು ಅವಳ ಬೆನ್ನು ನೋಡುತ್ತ ಮನಸ್ಸಿನಲ್ಲೇ ಕೂಗುತ್ತಿದ್ದೇನೆ, ಭುಜ ಕುಣಿಯುತ್ತಿದೆ ಅವಳದ್ದು, ಟಕಟಕ ಟಕಟಕ, ಬರೆದಳು, ಕೇಳಿದಳು, ಕೇಳಿಯೇ ಬಿಟ್ಟಳು ನೋಡಿ, ಪರದೆ ಉತ್ತರ ಕೊಟ್ಟಿತು, ಆ್ಯಡ್‌-ಆನ್ ಮೂವತ್ತೆರಡು, ಫೈಲು ಅರವತ್ತನಾಲ್ಕು. ಸರ್, ಇದು ಬೇರೆ ಅಳತೆಯ ಏಣಿ ಕೇಳ್ತಿದೆ, ಇಲ್ಲಿರೋದು ಇದಕ್ಕೆ ಆಗಲ್ಲ, ಆ ಅಳತೆಯದ್ದು ನಮ್ಮ ಇನ್‌ಸ್ಟಾಲ್ ಮಾಡೋ ಡಿಸ್ಕಿನಲ್ಲಿದೆ, ಎರಡೂ ಪಕ್ಕಪಕ್ಕ ಇರಬಹುದು, ಜಗಳ ಆಡಲ್ಲ. ಎದೆಯೊಳಗೆ ಏನೋ ಉಬ್ಬಿ ಬಂತು, ನಾನು ಮುಖ ಗಂಟು ಹಾಕಿಕೊಂಡೇ ಕೂತೆ.

ಅವಳು ಇಲ್ಲಿಗೆ ಬಂದಾಗ ನನ್ನ ಸೊಸೆಯಾಗಿರಲಿಲ್ಲ, ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಕ್ಯಾಂಟೀನಿನಲ್ಲಿ ಹೇಳಿಕೊಂಡು ತಿರುಗುತ್ತಾರೆ ಅತ್ತೆ ಇದ್ದಾರೆ ಅಂತ ಸೊಸೆಗೆ ಕೆಲಸ ಸಿಕ್ಕಿತು ಎಂದು, ನಿಮ್ಮ ಬಾಯಿಗಿಷ್ಟು, ಪರೀಕ್ಷೆ ಬರೆದು ಎಲ್ಲರಿಗಿಂತ ಮೇಲೆ ಬಂದು ಕೆಲಸ ಹಿಡಿದವಳು ಅವಳು, ನನ್ನನ್ನು ಕಂಡರೆ ಗಡಗಡ ನಡುಗುತ್ತಿದ್ದವಳು, ಮೊದಲನೇ ವಾರವೇ ನಾನು ಬೈದು ಬೆಂಡೆತ್ತಿದ್ದೆ, ತಂತಿಗೆ ಚೀಟಿ ಅಂಟಿಸದೆ ಬಿಟ್ಟಳೆಂದು, ಇದೇನು ನಿಮ್ಮ ಮನೆ ಅಟ್ಟನಾ, ಎಲ್ಲಿ ಬೇಕೋ ಅಲ್ಲಿ ಸುತ್ತಿ ಬಿಸಾಕೋಕೆ, ಅವಳು ಅಳಲಿಲ್ಲ, ಮರುದಿನ ಯಂತ್ರಗಳ ಒಂದು ಇಡೀ ಚೌಕಟ್ಟಿಗೆ ಚೀಟಿ ಅಂಟಿಸಿ ಬಂದು ನಿಂತಳು, ಮೇಡಂ, ನಿಮ್ಮದ್ರಲ್ಲೂ ಎರಡು ತಪ್ಪಿತ್ತು, ಸರಿ ಮಾಡಿದೀನಿ. ನನ್ನದರಲ್ಲಿ ತಪ್ಪು — ಆ ದಿನ ಅವಳ ಹೆಸರು ನನ್ನ ಮನಸ್ಸಿನಲ್ಲಿ ಕೂತಿತು. ಮಗ ಒಂದು ದಿನ ನನ್ನ ಕನ್ನಡಕ ಕೊಡಲು ಬಂದ, ಮನೆಯಲ್ಲಿ ಮರೆತು ಬಂದಿದ್ದೆ, ಬಾಗಿಲಲ್ಲಿ ನಿಂತು ಇವಳ ಹತ್ತಿರ ಮಾತಾಡಿದ, ಇವನು ಹಲ್ಲಿನ ಡಾಕ್ಟರ ಹತ್ತಿರ ಕಟ್ಟುಹಲ್ಲು ಮಾಡುವವನು, ದಿನವಿಡೀ ಬೇರೆಯವರ ಬಾಯಿಯ ಅಚ್ಚುಗಳ ಜೊತೆ ಕೂತು ಮಾತೇ ಮರೆತವನು, ಅವನು ನಗುತ್ತ ಮಾತಾಡುವುದನ್ನು ನಾನು ನೋಡಿದೆ, ಆಮೇಲೆ ನನ್ನ ಕನ್ನಡಕ ಮನೆಯಲ್ಲೇ ಉಳಿಯುವುದು ಜಾಸ್ತಿಯಾಯಿತು, ನಾನೇ ಮರೆಯುತ್ತಿದ್ದೆನೋ ಅವನೇ ಚೀಲದಿಂದ ತೆಗೆದಿಡುತ್ತಿದ್ದನೋ ಇವತ್ತಿಗೂ ಒಪ್ಪಿಕೊಂಡಿಲ್ಲ. ಕಚೇರಿಯಲ್ಲಿ ಮೇಡಂ, ಮನೆಯಲ್ಲಿ ಅತ್ತೆ, ಬಸ್ಸಿನಲ್ಲಿ ಮಾತ್ರ ಅವಳಿಗೆ ಗೊಂದಲ, ಮೇಡಂ ಅತ್ತೆ ಟಿಕೆಟ್ ತಗೊಂಡ್ರಾ, ಕಂಡಕ್ಟರು ಬಿದ್ದು ಬಿದ್ದು ನಕ್ಕ. ಇವರಿಬ್ಬರೂ ಮನೆಯಲ್ಲಿ ಜಗಳ ಆಡದೆ ಕೂತಿದ್ರೆ ಊರಲ್ಲಿ ಎಲ್ಲೋ ಒಂದು ಯಂತ್ರ ಕೆಟ್ಟಿದೆ ಅಂತ ಅರ್ಥ, ನಮ್ಮ ಮನೆಯವರ ಮಾತು ಅದು, ನೆಂಟರೆದುರಿಗೆಲ್ಲ ಹೇಳುತ್ತಾರೆ. ಜಗಳ ಆಡುತ್ತೇವೆ, ಚೆನ್ನಾಗಿಯೇ ಆಡುತ್ತೇವೆ, ಬಟ್ಟೆ ಒಣಗಿಸುವುದರಿಂದ ಹಿಡಿದು ಪಾಸ್‌ವರ್ಡ್ ಎಷ್ಟು ಉದ್ದ ಇರಬೇಕು ಎಂಬುದರ ತನಕ, ನಾನು ಗೆದ್ದದ್ದೇ ಹೆಚ್ಚು, ಹೆಚ್ಚೇ ಇರಬೇಕು.

ಟಪ್, ಬಿತ್ತು ಕ್ಲಿಪ್ಪು, ಅವಳಿಗೆ ಗೊತ್ತೂ ಆಗಲಿಲ್ಲ, ಕೂದಲು ಮುಖಕ್ಕೆ ಬಂದರೆ ಊದಿ ಊದಿ ಹಿಂದೆ ತಳ್ಳುತ್ತಿದ್ದಾಳೆ. ಡಿಸ್ಕಿನಿಂದ ಆ ಅಳತೆಯವನ್ನೆಲ್ಲ ಹಾಕಿಯಾಯಿತು, ಏನೇನು ಸಿಗುತ್ತಿಲ್ಲ ಎಂದು ಒಂದೇ ಏಟಿಗೆ ಕೇಳಿದಳು, ಒಂದೊಂದಾಗಿ ಮುಗ್ಗರಿಸುತ್ತ ಹೋಗದೆ, ಭೇಷ್, ಪರದೆಯ ತುಂಬ ಸಿಕ್ಕಿದೆ ಸಿಕ್ಕಿದೆ ಸಿಕ್ಕಿದೆ, ನಡುವೆ ಎರಡು ಕಡೆ ಇಲ್ಲ, ಆ ಎರಡರಲ್ಲೊಂದು ಐದನೇ ಆವೃತ್ತಿ ಕೇಳುತ್ತಿದೆ, ನಮ್ಮ ಹತ್ತಿರ ಇರುವುದು ಆರನೆಯದು. ನೀಲಿ ಟೈ ಈಗ ಎದ್ದು ಬಂದ, ಮೇಜಿನ ಅಂಚಿಗೆ ಕಾಫಿ ಲೋಟ ಇಟ್ಟ — ನನ್ನ ಕೋಣೆಯಲ್ಲಿ ಕಾಫಿ, ಯಂತ್ರದ ಪಕ್ಕ, ಕೈ ಕಡಿಯಬೇಕು ಅನ್ನಿಸಿತು — ಮೇಡಂ ಇದಕ್ಯಾಕಿಷ್ಟು ಒದ್ದಾಟ, ಆರನೇದಕ್ಕೆ ಐದು ಅಂತ ಒಂದು ಲಿಂಕ್ ಕೊಟ್ಬಿಡಿ, ಒಂದೇ ಸಾಲು, ಎಲ್ರೂ ಹಂಗೇ ಮಾಡೋದು, ಇನ್‌ಸ್ಟಾಲ್ ಆಗೋಗತ್ತೆ, ಸಾರ್ ಊಟಕ್ಕೆ ಹೋಗಬಹುದು. ದೊಡ್ಡ ಸಾಹೇಬರ ಮುಖ ಊಟ ಎಂದ ಕೂಡಲೇ ಅರಳಿತು, ಒಂದೇ ಸಾಲಾದ್ರೆ ಮಾಡಮ್ಮ. ಹೌದು, ಎಲ್ಲರೂ ಹಾಗೇ ಮಾಡುವುದು, ನಮ್ಮ ಕಸುಬಿನವರು ಮಾತ್ರ ಮಾಡುವ ಕೆಲಸ ಇದು, ಮನೆಯಲ್ಲಿ ತಮ್ಮನನ್ನು ಅಣ್ಣ ಎಂದು ಕರೆದು ಶಾಲೆಗೆ ಕಳಿಸಿದ ಹಾಗೆ, ಹಾಜರಿ ಕೂಗುವಾಗ ಬಂದಿದ್ದೇನೆ ಸರ್ ಎನ್ನುತ್ತಾನೆ, ಲೆಕ್ಕ ಕೇಳಿದಾಗ ಪೆಚ್ಚುಮೋರೆ ಹಾಕುತ್ತಾನೆ, ಇನ್‌ಸ್ಟಾಲ್ ಆಗುತ್ತದೆ, ಓಡುತ್ತದೆ ಕೂಡ, ಯಾವಾಗಲೋ ಒಂದು ದಿನ ಐದಕ್ಕೆ ಮಾತ್ರ ಗೊತ್ತಿರುವ ಒಂದನ್ನು ಕೇಳುತ್ತದೆ, ಆರಕ್ಕೆ ಅದು ಗೊತ್ತಿಲ್ಲ, ಅಲ್ಲಿಗೆ ಸತ್ತುಬೀಳುತ್ತದೆ, ಪಂಪುಗಳ ಕಾವಲು ಹೋಯಿತು. ಅವಳ ಬೆರಳು ಆಡಿತು, ಬರೆಯುತ್ತಿದ್ದಾಳೆ, ಅಯ್ಯೋ ಲಿಂಕಿನ ಸಾಲೇ ಬರೆಯುತ್ತಿದ್ದಾಳೆ, ಪೂರ್ತಿ ಬರೆದಳು, ಇನ್ನು ಎಂಟರ್ ಒತ್ತುವುದೊಂದು ಬಾಕಿ, ಒತ್ತಬೇಡವೇ, ಬೇಡ ತಾಯಿ, ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದೇನೆ, ಬೆರಳು ಬೆಳ್ಳಗಾಗಿದೆ, ಸಾಹೇಬರು ನನ್ನನ್ನೇ ನೋಡುತ್ತಿದ್ದಾರೆ, ನಾನು ಗೋಡೆಯ ಗಡಿಯಾರ ನೋಡುತ್ತೇನೆ, ಅದರಲ್ಲಿ ಎಷ್ಟು ಗಂಟೆಯೆಂದು ಕೇಳಿದರೆ ಹೇಳಲಾರೆ. ನೋಡಿ ಸರ್, ಅವಳ ಧ್ವನಿ, ಇವರು ಹೇಳಿದ ಸಾಲು ಇದು, ಇದನ್ನ ಒತ್ತಿದ್ರೆ ಐದು ನಿಮಿಷದಲ್ಲಿ ಕೆಲಸ ಆಯ್ತು ಅಂತ ಕಾಣತ್ತೆ, ಆದ್ರೆ ಆಗಿರಲ್ಲ, ಹೆಸರು ಬದಲಾಯ್ಸಿದ್ರೆ ಒಳಗಿನದ್ದು ಬದಲಾಗಲ್ಲ, ಬೇರೆ ಎಲ್ಲಾದರೂ ಆಗಿದ್ರೆ ನಾನೂ ಒಂದ್ಸಲ ಮಾಡಿ ನೋಡ್ತಿದ್ದೆನೇನೋ, ಇದು ಪಂಪಿನ ಬಾಗಿಲು ಸರ್, ಇಲ್ಲಿ ಬೇಡ — ಒಂದೊಂದೇ ಅಕ್ಷರ ಅಳಿಸಿದಳು, ಒಟ್ಟಿಗೆ ಅಳಿಸಬಹುದಿತ್ತು, ಒಂದೊಂದೇ ಅಳಿಸಿದಳು, ಸಾಹೇಬರು ನೋಡಲಿ ಎಂದೇ ಬರೆದು ಅಳಿಸಿದಳು. ಐದನೆಯದು ಹಳೆಯ ತಂತ್ರಾಂಶಗಳಿಗೆಂದೇ ಕಟ್ಟಿಟ್ಟ ಗಂಟಿನಲ್ಲಿ ಡಿಸ್ಕಿನಲ್ಲೇ ಇತ್ತು, ಹುಡುಕಿ ತೆಗೆದು ಹಾಕಿದಳು, ಆರರ ಪಕ್ಕದಲ್ಲಿ ಐದು ಸುಮ್ಮನೆ ಕೂತಿತು. ನೀಲಿ ಟೈ ಲೋಟ ಎತ್ತಿಕೊಂಡು ಜಾಗಕ್ಕೆ ಹೋದ. ಯಾರ ಹತ್ತಿರ ಕಲಿತವಳು ಎಂದು ಕೇಳಿ ಯಾರಾದರೂ, ದಯವಿಟ್ಟು ಕೇಳಿ, ಇಷ್ಟು ಹೆಮ್ಮೆಯನ್ನು ಬಾಯಿ ಮುಚ್ಚಿಕೊಂಡು ಇಟ್ಟುಕೊಳ್ಳುವುದು ಹೊಟ್ಟೆ ತುಂಬಿದ ಮೇಲೆ ಇನ್ನೊಂದು ತಟ್ಟೆ ಉಂಡಷ್ಟು ಕಷ್ಟ.

ಒಂದೇ ಉಳಿಯಿತು, ಕೊನೆಯದು, ಅದು ಆ್ಯಡ್‌-ಆನ್ ತಾನೇ ತನ್ನ ಜೊತೆಗೆ ತಂದುಕೊಂಡ ಲೈಬ್ರರಿ, ತನ್ನದೇ ಫೋಲ್ಡರಿನಲ್ಲಿ ಇಟ್ಟುಕೊಂಡಿದೆ, ತನ್ನ ಜೇಬಿನಲ್ಲೇ ಇಟ್ಟುಕೊಂಡು ಊರೆಲ್ಲ ಹುಡುಕುತ್ತಿದೆ, ಯಂತ್ರಕ್ಕೆ ಆ ಫೋಲ್ಡರಿನಲ್ಲೂ ನೋಡು ಎಂದು ಯಾರೂ ಹೇಳಿಲ್ಲವಲ್ಲ. ಹೇಳುವುದಕ್ಕೆ ಎರಡು ದಾರಿ, ಈ ಹೊತ್ತಿಗೆ ಮಾತ್ರ ಎಂದು ಬಾಯಿಮಾತಿನಲ್ಲಿ ಹೇಳಿ ಓಡಿಸುವುದು ಒಂದು, ಯಂತ್ರದ ದಾರಿಪಟ್ಟಿಯಲ್ಲೇ ಆ ಫೋಲ್ಡರನ್ನು ಬರೆದು ಪಟ್ಟಿಯನ್ನು ಹೊಸದು ಮಾಡಿಸುವುದು ಇನ್ನೊಂದು, ಮೊದಲನೆಯದು ಯಂತ್ರ ಒಂದು ಸಲ ಮಲಗಿ ಎದ್ದರೆ ಮರೆತುಹೋಗುತ್ತದೆ, ಎರಡನೆಯದು ಉಳಿಯುತ್ತದೆ, ಅವಳು ಯಾವುದು ಬರೆದಳು — ಸರಿಯಾಗಿ ಅದೇ ಹೊತ್ತಿಗೆ ನೀಲಿ ಟೈ ಮತ್ತೆ ಬಗ್ಗಿದ, ಅವನ ಎಣ್ಣೆ ಹಚ್ಚಿ ಬಾಚಿದ ತಲೆ ಪರದೆಗೆ ಅಡ್ಡ, ಈ ಕಡೆ ಬಗ್ಗಿದೆ, ಆ ಕಡೆ ಬಗ್ಗಿದೆ, ಕುಂಬಳಕಾಯಿಯಂಥ ತಲೆ, ಏನೂ ಕಾಣಲಿಲ್ಲ, ಕೀಲಿಮಣೆಯ ಸದ್ದು ಕೇಳಿಸಿತು ಅಷ್ಟೆ, ಎರಡು ಸಾಲಿನಷ್ಟು ಸದ್ದು, ಮೂರೋ, ಅವನು ಸರಿದಾಗ ಆ್ಯಡ್‌-ಆನ್ ಓಡುತ್ತಿತ್ತು. ಯಾವ ತಕರಾರೂ ಇಲ್ಲ. ಪಂಪು ನೋಡಿಕೊಳ್ಳುವವನು ಕಂಟ್ರೋಲ್ ರೂಮಿನಿಂದ ಫೋನು ಮಾಡಿದ, ಅಕ್ಕಾ ಎಲ್ಲಾ ಸರಿಯಾಗಿ ಬರ್ತಿದೆ, ಪರೀಕ್ಷೆಗೆ ಅಂತ ಒಂದು ಕಳ್ಳ ಆಜ್ಞೆ ಕಳ್ಸಿದ್ರಲ್ಲ, ಅದನ್ನ ಒಳಗೇ ಬಿಡ್ಲಿಲ್ಲ, ದೊಡ್ಡ ಸಾಹೇಬರು ಚಪ್ಪಾಳೆಗೆ ಕೈ ಎತ್ತಿದರು, ಆಯ್ತಲ್ಲಮ್ಮ, ನಡೀರಿ ಊಟಕ್ಕೆ. ಆಯಿತು, ಮುಗಿಯಿತು, ಏಳು, ಎದ್ದು ಬಾ. ಅವಳು ಏಳಲಿಲ್ಲ. ಸರ್, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡ್ಬೇಕು, ಕರೆಂಟ್ ಹೋಗಿ ಬಂದ್ರೆ ಇದು ತಾನಾಗೇ ಏಳತ್ತಾ ಅಂತ ಗೊತ್ತಾಗೋವರೆಗೂ ಕೆಲಸ ಮುಗೀಲಿಲ್ಲ. ರೀಸ್ಟಾರ್ಟ್. ನನ್ನ ಯಂತ್ರವನ್ನು. ಈ ಪೆಟ್ಟಿಗೆ ಮಗನ ಮದುವೆಗೂ ಮೊದಲಿನಿಂದ ಒಂದು ಕ್ಷಣ ಕಣ್ಣು ಮುಚ್ಚಿಲ್ಲ, ಎರಡು ಸಲ ಬ್ಯಾಟರಿ ಬದಲಿಸಿದ್ದೇನೆ ಅದು ಓಡುತ್ತಿರುವಾಗಲೇ, ಈ ಕೋಣೆಗೆ ಸುಣ್ಣ ಬಳಿಯುವಾಗ ಅದನ್ನು ಓಡುತ್ತಿದ್ದ ಹಾಗೇ ಬ್ಯಾಟರಿ ಸಮೇತ ಎತ್ತಿಸಿ ಆ ಮೂಲೆಗೆ ಇಡಿಸಿದ್ದೇನೆ, ನಾಲ್ಕು ಜನ, ಮಗುವನ್ನು ಹೊತ್ತ ಹಾಗೆ, ಎಷ್ಟು ಕಾಲದಿಂದ ಎದ್ದಿದ್ದೀಯಪ್ಪ ಎಂದು ಕೇಳಿದರೆ ಅದು ಹೇಳುವ ಸಂಖ್ಯೆಯನ್ನು ನಾನು ದಿನಾ ಬೆಳಿಗ್ಗೆ ನೋಡಿ ಆಮೇಲೆ ಚೀಲ ಕೆಳಗಿಡುವುದು, ಬೇರೆ ಊರಿನ ನಮ್ಮ ಕಸುಬಿನವರಿಗೆಲ್ಲ ಆ ಸಂಖ್ಯೆ ಗೊತ್ತು, ಹೊಟ್ಟೆಕಿಚ್ಚು ಪಡುತ್ತಾರೆ, ನಿವೃತ್ತಿಯ ದಿನ ಅದರ ಫೋಟೋ ತೆಗೆದುಕೊಂಡು ಹೋಗಬೇಕೆಂದಿದ್ದೆ, ಅದು ಸೊನ್ನೆಯಾಗುತ್ತದೆ, ಅಲ್ಲ, ಸಂಖ್ಯೆ ಹಾಳಾಗಲಿ, ಅವಳು ಬಾಯಿಮಾತಿನ ಸಾಲು ಬರೆದಿದ್ದರೆ, ಏಳದೆ ಹೋದರೆ, ಕಾವಲಿಲ್ಲದೆ ಬಾಗಿಲು ತೆರೆಯಬಾರದೆಂದು ನಾನೇ ನಿಯಮ ಹಾಕಿದ್ದೇನೆ, ಎಲ್ಲ ಮುಚ್ಚಿಹೋಗುತ್ತದೆ, ಪಂಪುಗಳ ಅಂಕಿ ಒಂದೂ ಕಾಣುವುದಿಲ್ಲ, ಸಂಜೆಗೆ ಹೊಸ ಪಂಪ್‌ಹೌಸೂ ಇಲ್ಲ, ಗೆದ್ದ ಪಂದ್ಯವನ್ನು ಕೈಯಾರೆ ಸೋಲುತ್ತಾಳೆ, ಹೇಳಬೇಕು, ಹೇಳಲೇಬೇಕು, ನನ್ನ ಗಂಟಲು ತಾನಾಗಿ ಕೆರೆಯಿತು, ಹ್ಞಂ ಎಂಬಷ್ಟು, ಬಾಯಿ ತೆರೆದಿತ್ತು, ಮಾತು ಹಲ್ಲಿನ ತನಕ ಬಂದಿತ್ತು — ಅವಳ ಎಡಗೈ ಹಿಂದಕ್ಕೆ ಬಂತು. ತಲೆ ತಿರುಗಲಿಲ್ಲ, ಕಣ್ಣು ಪರದೆಯ ಮೇಲೇ, ಎಡಗೈ ಮಾತ್ರ ಕುರ್ಚಿಯ ಬೆನ್ನಿನಾಚೆ ಎದ್ದು ನಿಂತಿತು, ಅಂಗೈ ನನ್ನ ಕಡೆಗೆ, ಬೆರಳೆಲ್ಲ ಅಗಲವಾಗಿ, ಟ್ಯೂಬ್‌ಲೈಟಿನ ಕೆಳಗೆ ಹೊಳೆಯುತ್ತ. ತೆರೆದಿದ್ದ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಬಲಗೈ ಒತ್ತಿತು.

ಕತ್ತಲೆ. ಪರದೆ ಕಪ್ಪು, ಫ್ಯಾನುಗಳ ಸದ್ದು ಇಳಿಯುತ್ತ ಇಳಿಯುತ್ತ ನಿಂತುಹೋಯಿತು, ಇಷ್ಟು ವರ್ಷದಲ್ಲಿ ಆ ಪೆಟ್ಟಿಗೆ ಸುಮ್ಮನಾದದ್ದನ್ನು ನಾನು ಕೇಳಿರಲಿಲ್ಲ, ಕೋಣೆಯಲ್ಲಿ ಒಂದು ಹಲ್ಲು ಬಿದ್ದ ಜಾಗದ ಹಾಗೆ ಆಯಿತು. ನನಗೆ ಕೈ ತೋರಿಸುತ್ತಾಳೆ, ನನಗೆ, ಅತ್ತೆಗೆ, ಮೇಡಂಗೆ, ಸುಮ್ನಿರಿ ಎಂದು, ಸಾಹೇಬರೆದುರಿಗೆ, ಮನೆಗೆ ಬರಲಿ, ಬಸ್ಸಿನಲ್ಲೇ ಕೇಳುತ್ತೇನೆ, ನಾನು ಯಾರಿಗಾದರೂ ಹಾಗೆ ಕೈ ತೋರಿಸಿದ್ದೇನೆಯೇ — ತೋರಿಸಿದ್ದೇನೆ, ಇವರಿಗೆ, ಇದೇ ದೊಡ್ಡ ಸಾಹೇಬರಿಗೆ, ಅವರ ಹಿಂದಿನ ಸಾಹೇಬರಿಗೆ, ಪ್ರವಾಹ ಬಂದು ಪಂಪ್‌ಹೌಸಿಗೆ ನೀರು ನುಗ್ಗಿದ ದಿನ ಕಲೆಕ್ಟರು ಬಂದು ನಿಂತಿದ್ದಾಗ ಅವರಿಗೂ, ತಿರುಗದೆ, ಎಡಗೈಯಲ್ಲೇ, ಅದು ನನ್ನ ಕೈ, ಆ ಹುಡುಗಿ ನನ್ನ ಕೈಯನ್ನೇ ನನಗೆ ತೋರಿಸುತ್ತಿದ್ದಾಳೆ. ಮೊನ್ನೆ ಒಲೆಯ ಮೇಲೆ ಹಾಲಿಟ್ಟು ಫೋನಿನಲ್ಲಿ ಮಾತಾಡುತ್ತಿದ್ದಳು, ಹಾಲು ಏರುತ್ತಿತ್ತು, ನಾನು ಹಾಲು ಹಾಲು ಎಂದು ಕೂಗುವುದಕ್ಕೂ ಅವಳು ನೋಡದೆಯೇ ಗ್ಯಾಸಿನ ಗುಂಡಿ ತಿರುಗಿಸುವುದಕ್ಕೂ ಸರಿಹೋಯಿತು, ನಕ್ಕಳು, ಗೊತ್ತಿತ್ತು ಅತ್ತೆ, ನನಗೆ ಸಿಟ್ಟು ಬಂದಿತ್ತು, ಗೊತ್ತಿದ್ದವಳಿಗೆ ಹೇಳಿ ಪೆದ್ದಿಯಾದೆನಲ್ಲ ಎಂದು. ನಾನು ಆ ಒಂದು ಮಾತು ಆಡಿಬಿಟ್ಟಿದ್ದರೆ ಇವತ್ತು ಅಲ್ಲಿಗೇ ಎಲ್ಲ ಮುಗಿದಿತ್ತು, ನಾನೇ ಅವಳನ್ನು ಬಿಲ್ ಕೌಂಟರಿಗೆ ಕಳಿಸುತ್ತಿದ್ದೆ, ಕೈಯಾರೆ ಅಲ್ಲ, ಬಾಯಾರೆ, ಆ ಅಂಗೈ ಬಂದದ್ದು ಅದಕ್ಕೆ, ನನ್ನನ್ನು ತಡೆಯುವುದಕ್ಕೆ, ಅಲ್ಲ, ನನ್ನನ್ನು ಕಾಯುವುದಕ್ಕೆ. ಆದರೆ ಯಾಕೆ ಹೊಳೆಯುತ್ತಿತ್ತು. ಕಪ್ಪು ಪರದೆ. ಇನ್ನೂ ಕಪ್ಪು. ನೀಲಿ ಟೈ ಗಂಟಲು ಸರಿಮಾಡಿಕೊಂಡ, ಮೇಡಂ ಇಷ್ಟೊತ್ತಿಗೆ ಏಳ್ಬೇಕಿತ್ತು ಅಲ್ವಾ. ಫೋನು ಬಡಿದುಕೊಂಡಿತು, ಅಕ್ಕಾ ಇಲ್ಲಿ ಎಲ್ಲಾ ಸೊನ್ನೆ ತೋರಿಸ್ತಿದೆ, ಪಂಪು ಕೈಯಲ್ಲೇ ನಡೆಸ್ತಿದೀವಿ, ಅವಳು ಹೇಳಿದಳು, ನಡೆಸ್ತಾ ಇರಿ ಅಣ್ಣ, ಬರತ್ತೆ. ಬರತ್ತೆ ಅಂದಳು, ನೋಡೋಣ ಅನ್ನಲಿಲ್ಲ. ಆಗ ಗುಂಯ್ ಎಂದಿತು, ಮೊದಲು ಒಂದು ಫ್ಯಾನು, ಆಮೇಲೆ ಎಲ್ಲ, ಹಸಿರು ದೀಪ ಒಂದೊಂದೇ ಕಣ್ಣು ಬಿಟ್ಟಿತು, ಸಾಲುಗಳು ಓಡಿದವು, ದಾರಿಪಟ್ಟಿ ಓದಿತು — ಪಟ್ಟಿಯಲ್ಲಿ ಬರೆದಿದ್ದಳು, ಪಟ್ಟಿಯಲ್ಲೇ ಬರೆದಿದ್ದಳು ನನ್ನ ಬಂಗಾರಿ — ಲೈಬ್ರರಿಗಳು ಒಂದರ ಹಿಂದೆ ಒಂದು ಸಿಕ್ಕಿದವು, ಕೊನೆಗೆ ಆ್ಯಡ್‌-ಆನ್ ತಾನಾಗಿ ಎದ್ದು ಕೂತಿತು, ಯಾರೂ ಎಬ್ಬಿಸದೆ, ಕಂಟ್ರೋಲ್ ರೂಮಿನಿಂದ ಫೋನಿನಲ್ಲಿ ಬರೀ ನಗು ಕೇಳಿಸಿತು. ನನ್ನ ಕಣ್ಣು ಯಾಕೋ ಉರಿಯುತ್ತಿದೆ, ಈ ಕೋಣೆಯ ತಣ್ಣನೆ ಗಾಳಿಗೆ ಹಾಗಾಗುತ್ತದೆ, ಅಲ್ಲ, ಗಾಳಿಗಲ್ಲ, ಹೆಮ್ಮೆಗೆ.

ದೊಡ್ಡ ಸಾಹೇಬರು ಎದ್ದು ನನ್ನ ಕಡೆ ತಿರುಗಿದರು, ಮೇಡಂ, ಈಗ ನೀವು ಮಾತಾಡಬಹುದು, ಒಂದೇ ಪ್ರಶ್ನೆ, ನೀವಾಗಿದ್ರೆ ಈ ರೀಸ್ಟಾರ್ಟ್ ಮಾಡ್ತಿದ್ರಾ. ನೀಲಿ ಟೈ ಕಿವಿ ನಿಮಿರಿಸಿದ. ಅವಳ ಬೆನ್ನು ಅಲುಗಲಿಲ್ಲ. ಮಾಡುತ್ತಿದ್ದೆ ಎನ್ನಬಹುದಿತ್ತು, ಎಷ್ಟು ಸುಲಭ, ನನ್ನ ಹೆಸರಿಗೂ ಶೋಭೆ, ಅವಳಿಗೂ ನಾನೇ ಕಲಿಸಿದ್ದು ಎಂದಾಗುತ್ತಿತ್ತು, ನಾಲಿಗೆ ಅಲ್ಲಿಗೇ ಹೊರಟಿತ್ತು, ಇಷ್ಟು ಹೊತ್ತು ಮುಚ್ಚಿಟ್ಟುಕೊಂಡ ಬಾಯಿ ತೆರೆದಾಗ ಮೊದಲ ಮಾತೇ ಸುಳ್ಳಾಗಬೇಕೇ. ಇಲ್ಲ ಸರ್, ನಾನಾಗಿದ್ರೆ ಮಾಡ್ತಿರಲಿಲ್ಲ, ಓಡ್ತಿದೆಯಲ್ಲ ಅಂತ ಬಿಟ್ಬಿಡ್ತಿದ್ದೆ, ನನಗೆ ಅದು ಎಷ್ಟು ವರ್ಷದಿಂದ ಎದ್ದಿದೆ ಅನ್ನೋದೇ ದೊಡ್ಡದು, ಬಿದ್ರೆ ಏಳತ್ತಾ ಅಂತ ಅವಳು ನೋಡಿದಳು, ಅದಕ್ಕೇ ಹೇಳ್ತಿದೀನಿ, ಈ ಕುರ್ಚಿ ಅವಳದ್ದು. ಸಾಹೇಬರು ತಲೆಯಾಡಿಸಿದರು, ಸರಿ, ಬರೋ ತಿಂಗಳಿಂದ ಈ ರೂಮಿಗೆ ಇವರೇ, ಆರ್ಡರ್ ಟೈಪ್ ಮಾಡಿಸ್ತೀನಿ, ಬನ್ನಿ ಊಟಕ್ಕೆ, ನೀಲಿ ಟೈನವನನ್ನೂ ಕರೆದುಕೊಂಡು ಹೋದರು, ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಾವಿಬ್ಬರೇ. ಅವಳು ಎದ್ದಳು, ನನ್ನ ಮುಖ ನೋಡಲಿಲ್ಲ, ಮುಖ ತೊಳ್ಕೊಂಡ್ ಬರ್ತೀನಿ ಮೇ— ಅತ್ತೆ, ಅಂದಳು, ಹೊರಟೇಹೋದಳು, ಮೇಡಂ ಅತ್ತೆಯಾದದ್ದು ಈ ಕೋಣೆಯಲ್ಲಿ ಇದೇ ಮೊದಲು. ನಾನು ಹೋಗಿ ಆ ಕುರ್ಚಿಯ ಹಿಂದೆ ನಿಂತೆ, ಕೂರಲಿಲ್ಲ, ಇನ್ನು ನನ್ನದಲ್ಲವಲ್ಲ, ಬಗ್ಗಿ ಎಷ್ಟು ಕಾಲದಿಂದ ಎದ್ದಿದ್ದೀಯಪ್ಪ ಎಂದು ಕೇಳಿದೆ, ಅಭ್ಯಾಸ, ಕೆಲವೇ ನಿಮಿಷ ಎಂದಿತು, ಹೊಸಬನ ಹಾಗೆ, ನನಗೆ ಬೇಸರವಾಗಲಿಲ್ಲ, ಬೇಸರವಾಗುತ್ತದೆಂದು ಕಾದೆ, ಆಗಲೇ ಇಲ್ಲ. ಆದರೆ ಎಂಟರ್ ಒತ್ತಿದ ನನ್ನ ಬೆರಳು ಜಾರಿತ್ತು. ಬೆರಳು ನೋಡಿಕೊಂಡೆ, ಒದ್ದೆ. ಕೀಲಿಮಣೆಯೆಲ್ಲ ಒದ್ದೆ, ಅಕ್ಷರಗಳ ಮೇಲೆ ಸಣ್ಣ ಸಣ್ಣ ಹನಿ, ಈ ತಣ್ಣಗಿನ ಕೋಣೆಯಲ್ಲಿ, ನಾನು ಸ್ವೆಟರು ಹಾಕಿಕೊಂಡು ಕೂರುವ ಕೋಣೆಯಲ್ಲಿ. ಬರತ್ತೆ ಅಂದಿದ್ದಳು, ಅಷ್ಟು ನೆಟ್ಟಗೆ, ಬರತ್ತೆ ಅಣ್ಣ, ಬೆನ್ನು ಅಲುಗಿರಲಿಲ್ಲ, ಧ್ವನಿ ಅಲುಗಿರಲಿಲ್ಲ, ನನಗಿಂತ ಹೆಚ್ಚು ಹೆದರಿದ್ದಳು, ಹೆದರಿಕೊಂಡೇ ಒತ್ತಿದಳು, ಕೈ ಹಿಂದಕ್ಕೆ ಬಂದಾಗ ಟ್ಯೂಬ್‌ಲೈಟಿನ ಕೆಳಗೆ ಹೊಳೆದದ್ದು, ಬೆರಳೆಲ್ಲ ಅಗಲವಾಗಿ, ತಿರುಗದೆ, ನನ್ನ ಕಡೆಗೆ, ಆ ಅಂಗೈ, ಬೆವರು ಬಸಿಯುತ್ತಿದ್ದ ಆ ಅಂಗೈ, ಆ ಅಂಗೈ